ದೇವಿಯ ಗಂಟು ಬಿಚ್ಚಿದ ಹೊಲ

೨೦೦೧ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಮೈಗೆ ಹತ್ತದ ಹೊತ್ತಿನಲ್ಲಿ, ಕಟಕೋಳದಿಂದ ರಾಮದುರ್ಗದ ಕಡೆ ಹೋಗುವ ರಸ್ತೆಯ ಬಲಕ್ಕಿರುವ ಒಂದು ಜೋಳದ ಹೊಲದ ಪೂರ್ವದ ಬದುವಿನ ಮೇಲೆ ನಾನು ನಿಂತಿದ್ದೆ. ಜೋಳ ಕೊಯ್ದಾಗಿತ್ತು. ಮೊಣಕಾಲಿಗಿಂತ ಕೆಳಗಿನ ಕೂಳೆ ಮಾತ್ರ ಉಳಿದಿತ್ತು. ಸೂರ್ಯ ನನ್ನ ಬೆನ್ನಿಗಿದ್ದ. ನನಗೂ ಹೊಲದ ನಡುವಿಗೂ ಮಧ್ಯೆ ಗಿಡವಿರಲಿಲ್ಲ, ಬಣವೆಯಿರಲಿಲ್ಲ, ದನ ಕೂಡ ಇರಲಿಲ್ಲ. ಬೇವಿನ ಮರ ಇದ್ದದ್ದು ನನ್ನ ಎಡಕ್ಕೆ, ದೂರದ ಮೂಲೆಯಲ್ಲಿ, ಬಾವಿಯ ಹತ್ತಿರ. ನಾನು ಆ ಮರದ ಕೆಳಗೆ ನಿಂತಿದ್ದೆ, ಅಲ್ಲಿಂದ ಏನೂ ಕಾಣುವುದಿಲ್ಲ ಎಂದು ನಂತರ ಕೆಲವರು ಹೇಳಿದರು. ಆದ್ದರಿಂದ ಇದನ್ನೇ ಮೊದಲು ಬರೆಯುತ್ತಿದ್ದೇನೆ.

ಆ ಹೊಲಕ್ಕೆ ನಾವು ಏಕೆ ಹೋದೆವು ಎಂಬುದು ಹಿಂದಿನ ದೀಪಾವಳಿಯ ನಂತರ ಶುರುವಾದದ್ದು. ಮನಸ್ಸಿನ ಕಾಯಿಲೆಯವರಿಗಾಗಿ ನಡೆಯುತ್ತಿದ್ದ ಒಂದು ಸಂಚಾರಿ ಚಿಕಿತ್ಸಾಲಯದಲ್ಲಿ ನಾನು ಶುಶ್ರೂಷಕನಾಗಿದ್ದೆ. ಒಬ್ಬರು ಡಾಕ್ಟರು, ಒಬ್ಬ ಚಾಲಕ, ನಾನು, ಒಂದು ಹಳೆಯ ಜೀಪು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಹೀಗೆ ವಾರಕ್ಕೊಂದು ಊರು. ಬೈಲಹೊಂಗಲದ ಸರದಿಯ ದಿನ ಒಬ್ಬ ವಯಸ್ಸಾದ ಹೆಣ್ಣುಮಗಳು ಬಂದು ಬಾಗಿಲಲ್ಲಿ ನಿಂತಳು. ಕೊರಳ ತುಂಬ ಮಣಿಸರ, ದೊಡ್ಡ ನೆರಿಗೆಯ ಘಾಗರ, ತಲೆಯ ಮೇಲೆ ಸೂಜಿ, ಪಿನ್ನು, ಬಾಚಣಿಗೆಯ ಬುಟ್ಟಿ. ಮಾರಲು ಬಂದವಳೆಂದು ಚಾಲಕ ಅವಳನ್ನು ತಡೆದ.

"ಯವ್ವಾ, ಇಲ್ಲಿ ಸೂಜಿ ನಮ್ಮ ಹಂತೇಕನ ಭಾಳ ಅದಾವ. ಮುಂದಿನ ಓಣಿಗೆ ಹೋಗು."

"ನಾ ಸೂಜಿ ಮಾರಾಕ ಬಂದಿಲ್ಲೋ ಅಪ್ಪಾ. ನಿಮ್ಮ ಸೂಜಿ ಕೇಳಾಕ ಬಂದೇನಿ," ಎಂದಳು.

ಅವಳು ಹರಣಶಿಕಾರಿಯವಳು. ಮೊಲ, ಹಕ್ಕಿ ಹಿಡಿದು, ಊರೂರು ತಿರುಗಿ ಮಣಿ ಮಾರಿ ಬದುಕುವ ಬುಡಕಟ್ಟು. ತಮ್ಮೊಳಗೆ ಬೇರೆ ಭಾಷೆ, ನಮ್ಮೊಂದಿಗೆ ಕನ್ನಡ. ಡಾಕ್ಟರ ಮುಂದೆ ಅವಳು ಕುರ್ಚಿಯಲ್ಲಿ ಕೂರದೆ ನೆಲದಲ್ಲಿ ಕುಳಿತು ಹೇಳಿದ್ದು ಇಷ್ಟು.

"ಮಗನ್ನ ಕಟ್ಟಿ ಹಾಕೇವ್ರಿ. ಬಿಟ್ರ ಆ ಹೊಲಕ್ಕ ಹೋಗತಾನ. ಹೋದ್ರ ಹೊಲದವರು ಕೊಲ್ಲತಾರ. ಅವರಪ್ಪನ್ನ ಕೊಂದಾಂಗ. ಕಟ್ಟಿದ್ರ ಕಾಲು ಕೊಳತು ಸಾಯತಾನ. ಯಾವುದರ ಒಂದು ಹೇಳ್ರಿ."

ಮರುದಿನ ಕಟಕೋಳದ ಹತ್ತಿರ, ಆ ಹೊಲದಾಚೆ ಇದ್ದ ಅವರ ಬಿಡಾರಕ್ಕೆ ಹೋದೆವು. ಜಾಲಿಗಿಡಗಳ ಹಿಂದೆ ತಾಡಪತ್ರಿ ಹೊದೆಸಿದ ಗುಡಿಸಲುಗಳು. ಮಗನಿಗೆ ಇಪ್ಪತ್ತೈದರ ಆಸುಪಾಸು. ಎತ್ತು ಕಟ್ಟುವ ಸರಪಳಿಯನ್ನು ಅವನ ಎಡಗಾಲಿಗೆ ಸುತ್ತಿ, ಸೈಕಲ್ ಬೀಗ ಹಾಕಿ, ಜಾಲಿಯ ಬುಡಕ್ಕೆ ಬಿಗಿದಿದ್ದರು. ಸರಪಳಿಯ ಕೆಳಗೆ ಚರ್ಮ ಹೋಗಿ, ಗಾಯದಲ್ಲಿ ಹುಳ ಕಾಣುತ್ತಿತ್ತು. ಅವನು ಯಾರ ಜೊತೆಗೋ ಮಾತನಾಡುತ್ತಿದ್ದ. ಕೇಳುತ್ತಿದ್ದ, ತಲೆ ಆಡಿಸುತ್ತಿದ್ದ, ಉತ್ತರ ಕೊಡುತ್ತಿದ್ದ. ಅಪ್ಪನ ಜೊತೆ ಎಂದಳು ತಾಯಿ. ಗಾಯ ತೊಳೆಯಲು ಬೀಗ ತೆಗೆಯಬೇಕಾಯಿತು. ಅವನ ಚಿಕ್ಕಪ್ಪನ ಮಗನೊಬ್ಬ ಬೀಗ ತೆಗೆದು ಮೇಲೇಳುವುದರಲ್ಲಿ ಇವನು ಸರಪಳಿಯ ತುದಿ ಹಿಡಿದು ಬೀಸಿದ. ಅದು ಆ ಹುಡುಗನ ಹುಬ್ಬಿನ ಮೇಲೆ ಬಿತ್ತು. ಮೂಳೆ ಬಿಳಿಯಾಗಿ ಕಂಡಿತು, ಆಮೇಲೆ ರಕ್ತ ತುಂಬಿಕೊಂಡಿತು. ಇವನು ಓಡಿದ್ದು ರಸ್ತೆಯ ಕಡೆಗಲ್ಲ, ಹೊಲದ ಕಡೆಗೆ. ನಾಲ್ವರು ಅಣ್ಣತಮ್ಮಂದಿರು ಬೆನ್ನಟ್ಟಿ, ಕೆಡವಿ, ಗುದ್ದಿ, ಎಳೆದು ತಂದರು. ಅವರು ಹೊಡೆಯುವಾಗ ಅಳುತ್ತಿದ್ದರು. ಅದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ.

ಬಿಡಾರದ ಹಿರಿಯ, ಗುಂಪಿನ ನ್ಯಾಯ ಹೇಳುವವನು, ಬೀಡಿ ಹಚ್ಚಿಕೊಂಡು ನಮಗೆ ಹಿಂದಿನದನ್ನು ಹೇಳಿದ. ಅವರ ಪ್ರತಿ ಬಳಗಕ್ಕೂ ಒಂದು ದೇವಿಯ ಗಂಟು ಇರುತ್ತದೆ. ಅದರೊಳಗೆ ಅವಳ ಬಟ್ಟೆ, ಬೆಳ್ಳಿಯ ತಗಡಿನಲ್ಲಿ ಒತ್ತಿದ ಅವಳ ಚಿಕ್ಕ ಚಿಕ್ಕ ಮೂರ್ತಿಗಳು. ಗಂಟನ್ನು ಹೊರುವವನ ಹೊರತು ಬೇರೆಯವರು ಬಿಚ್ಚುವಂತಿಲ್ಲ. ಎರಡು ವರ್ಷದ ಹಿಂದೆ ಗಂಟು ಹೊರುತ್ತಿದ್ದವನು ಇವನ ಅಪ್ಪ. ಆ ಹೊಲದ ಅಡ್ಡದಾರಿಯಲ್ಲಿ ಅಪ್ಪ ಮಗ ನಡೆದು ಹೋಗುವಾಗ, ಬಾವಿಯ ಮೋಟರು ಕದ್ದವರು ಇವರೇ ಎಂದು ಜನ ಹಿಡಿದರು. ಗಂಟಿನಲ್ಲಿ ಕದ್ದ ಸಾಮಾನು ಇದೆಯೆಂದು ಕಿತ್ತುಕೊಂಡು ಬಿಚ್ಚಿ, ಝಾಡಿಸಿ, ಸಾಲಿನಲ್ಲಿ ಚೆಲ್ಲಿದರು. ತಡೆಯಲು ಹೋದ ಅಪ್ಪನನ್ನು ಬಡಿದರು. ಅವನು ಬಿಡಾರಕ್ಕೆ ನಡೆದುಕೊಂಡೇ ಬಂದ, ರಕ್ತ ಉಚ್ಚೆ ಹೊಯ್ದ, ಸತ್ತ. ಮೋಟರು ಎಲ್ಲಿ ಸಿಕ್ಕಿತೋ, ಸಿಕ್ಕಲೇ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಚೆಲ್ಲಿದ್ದನ್ನು ಆರಿಸಿ ಕಟ್ಟಿಕೊಂಡು ಬಂದವನು ಮಗ. ಅವತ್ತಿನಿಂದ ಗಂಟು ಅವನ ತಲೆಗೆ ಬಂತು.

"ನೀವು ಇದಕ್ಕ ಏನಂತೀರಿ ಗೊತ್ತಿಲ್ಲ. ನಾವು ದೇವಿ ಸಿಟ್ಟು ಅಂತೇವಿ," ಎಂದ ಹಿರಿಯ.

"ನಾನೂ ಸಿಟ್ಟು ಅಂತನ ಅನ್ನತೇನಿ. ಯಾರದು ಅಂತ ಹೇಳೂದಿಲ್ಲ ಅಷ್ಟ," ಎಂದರು ಡಾಕ್ಟರು.

ಹಿರಿಯ ನಕ್ಕು ಅವರಿಗೊಂದು ಬೀಡಿ ಕೊಟ್ಟ. ಡಾಕ್ಟರು ಸೇದುವವರಲ್ಲ, ಆದರೂ ತೆಗೆದುಕೊಂಡು ಕಿವಿಯ ಮೇಲಿಟ್ಟುಕೊಂಡರು.

ಗಾಯ ಮತ್ತು ಅವನ ಸ್ಥಿತಿ ನೋಡಿ, ಮೊದಲ ಕೆಲವು ವಾರ ಒಳರೋಗಿಯಾಗಿ ಇಡುವುದೇ ಸರಿ ಎಂದು ಡಾಕ್ಟರು ತೀರ್ಮಾನಿಸಿದರು. ಆಸ್ಪತ್ರೆ ಬೇರೆ ಊರಿನದು. ಹೆಸರು ಬೇಡ, ಆ ಕಟ್ಟಡ ಈಗ ಇಲ್ಲ. ಮಗ ಜೀಪು ಹತ್ತಲಿಕ್ಕಿಲ್ಲ ಎಂದು ನಾನು ಹಗ್ಗ ತಂದಿದ್ದೆ. ತಾಯಿ ಗಂಟನ್ನು ತಂದು ಅವನ ತೊಡೆಯ ಮೇಲಿಟ್ಟಳು. ಅವನು ಸುಮ್ಮನೆ ಹತ್ತಿ ಕುಳಿತ, ದಾರಿಯುದ್ದಕ್ಕೂ ಅದನ್ನು ತಬ್ಬಿಕೊಂಡಿದ್ದ. ಚಾಲಕ ಕನ್ನಡಿಯಲ್ಲಿ ನೋಡುತ್ತ, "ಈ ಜೀಪಿಗೆ ಕೋಳಿ ಹತ್ಯಾವು, ಕುರಿ ಹತ್ಯಾವು, ದೇವರು ಹತ್ತಿದ್ದು ಇದ ಮೊದಲು. ನಿಧಾನ ಹೊಡೀತೇನಿ," ಎಂದ. ಮಗನ ಮುಖದಲ್ಲಿ ಒಂದು ಗಳಿಗೆ ನಗೆ ಬಂದದ್ದನ್ನು ನಾನು ನೋಡಿದೆ.

ಆಸ್ಪತ್ರೆಯ ಬಾಗಿಲವರೆಗೂ ಹಾಗೆಯೇ ಇದ್ದ. ಒಳಗೆ ಸಾಮಾನು ಬಿಡುವುದಿಲ್ಲ ಎಂದು ಕಾವಲಿನವರು ಹೇಳಿದಾಗ ಗಂಟನ್ನು ಮರುಮಾತಿಲ್ಲದೆ ತಾಯಿಯ ಕೈಗೆ ಕೊಟ್ಟ. ಗಂಡಸರ ವಾರ್ಡು ಕೆಳಗಿತ್ತು. ಹೊಸ್ತಿಲ ಬಳಿ ನಿಂತು ಮೇಲೆ ನೋಡಿದ. ಮಹಡಿಯಲ್ಲಿ ಯಾರೋ ನಡೆಯುತ್ತಿದ್ದರು, ಕಟಕಟೆಗೆ ಸೀರೆಗಳನ್ನು ಒಣಹಾಕಿದ್ದರು. ಅವನು ಹಿಂದಕ್ಕೆ ಸರಿದ. ವಾರ್ಡಿನ ಆಳು ಬೆನ್ನಿಗೆ ಕೈ ಇಟ್ಟು ಒಳಗೆ ನೂಕಿದ. ಮುಂದಿನದನ್ನು ನಾನು ಬಾಗಿಲ ಚೌಕಟ್ಟಿನಲ್ಲಿ ನಿಂತು ನೋಡಿದೆ.

ಅವನು ಆಳಿನ ಕೈ ಹಿಡಿದು ಹೆಬ್ಬೆರಳ ಬುಡದಲ್ಲಿ ಕಚ್ಚಿದ, ಮಾಂಸ ಕಿತ್ತು ಬಂತು. ಇನ್ನಿಬ್ಬರು ಓಡಿಬಂದರು. ಅವರಲ್ಲೊಬ್ಬನನ್ನು ಎತ್ತಿ ಕಬ್ಬಿಣದ ಮಂಚದ ಮೇಲೆ ಒಗೆದ. ಕಿಟಕಿಯ ಗಾಜಿಗೆ ತಲೆ ಹೊಡೆದು, ಒಡೆದ ಸಂದಿಯಲ್ಲಿ ಹೊರಗೆ ತೂರಲು ನೋಡಿದ. ಕಾಲು ಹಿಡಿದು ಎಳೆದರು. ಹೊಟ್ಟೆ ಗಾಜಿನ ಮೇಲೆ ಜಾರಿ ಉದ್ದಕ್ಕೆ ಸೀಳಿತು. ಬೋರಲು ಕೆಡವಿ, ಒಬ್ಬ ಕುತ್ತಿಗೆಯ ಮೇಲೆ, ಒಬ್ಬ ಸೊಂಟದ ಮೇಲೆ ಮೊಣಕಾಲೂರಿ, ಚರ್ಮದ ಪಟ್ಟಿಯಿಂದ ಮಣಿಕಟ್ಟು ಬಿಗಿದರು. ಬಿಗಿದ ಮೇಲೂ ಹೊಡೆದರು. ಮುಂದಿನ ಹಲ್ಲು ಮುರಿದು ನೆಲದ ಮೇಲೆ ಬಿತ್ತು. ಒಂದು ಸೂಜಿ, ಆಮೇಲೆ ಇನ್ನೊಂದು. ಮುಚ್ಚುವವರೆಗೂ ಅವನ ಕಣ್ಣು ಓರೆಯಾಗಿ ಛತ್ತಿನ ಕಡೆಗೇ ತಿರುಗಿತ್ತು.

ಎಚ್ಚರವಾದಾಗಲೆಲ್ಲ ಇದೇ ಆಯಿತು. ಎಚ್ಚರವಾದರೆ ಪಟ್ಟಿ, ಪಟ್ಟಿಯಾದರೆ ಸೂಜಿ. ಮೂರನೆಯ ಸಲ ಹೋದಾಗ ಮಣಿಕಟ್ಟಿನ ಸುತ್ತ ಬಳೆಯ ಹಾಗೆ ಹುಣ್ಣಾಗಿತ್ತು. ಇಂಥ ಉಗ್ರ ರೋಗಿಗೆ ವಿದ್ಯುತ್ ಚಿಕಿತ್ಸೆಯೇ ಬೇಕು ಎಂದರು ವಾರ್ಡಿನ ಮುಖ್ಯಸ್ಥರು.

ತಾಯಿ ಆ ದಿನಗಳೆಲ್ಲ ಕಾಂಪೌಂಡಿನ ಹೊರಗೆ ಗಂಟು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನಾನು ಅವಳ ಪಕ್ಕದಲ್ಲಿ ಕುಳಿತು, ಬಾಗಿಲವರೆಗೂ ಸುಮ್ಮನೆ ಬಂದನಲ್ಲ, ಇಲ್ಲಿ ಏನಾಯಿತು ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಮ್ಯಾಲ ಹೆಣ್ಮಕ್ಕಳು ಓಡ್ಯಾಡಾಕ ಹತ್ಯಾರಲ್ರಿ."

"ಅದು ಹೆಂಗಸರ ವಾರ್ಡು. ಅದಕ್ಕ ಏನಾತು?"

"ಗಂಟು ಹೊರೋ ತಲಿ ಅದು. ಅದರ ಮ್ಯಾಲ ಘಾಗರದ ನೆರಳು ಬೀಳಬಾರದು. ನಾ ಹಡದಾಕಿ, ನಾನ ಅವನ ಹಾಸಿಗಿ ದಾಟೂದಿಲ್ಲ. ನಾವು ಮಾಳಗಿ ಮನಿ ಯಾಕ ಕಟ್ಟೂದಿಲ್ಲ ಅಂದ್ಕೊಂಡಿದ್ರಿ? ರೊಕ್ಕ ಇಲ್ಲ ಅಂತ?"

"ಮತ್ತ ಇದನ್ನ ಅಲ್ಲಿ ಯಾಕ ಹೇಳಲಿಲ್ಲ?"

"ಹೇಳೂದೇನ್ರಿ ಅದು? ನಿಮ್ಮನ್ನ ಚಪ್ಪಲಿ ಹಾಕ್ಕೊಂಡು ದೇವರ ಮನಿಗೆ ಹೋಗಬ್ಯಾಡ ಅಂತ ಯಾರರ ಹೇಳತಾರೇನು? ಗೊತ್ತಿರತೈತಿ ಅಂದ್ಕೊಂಡೆ. ಗೊತ್ತಿದ್ದೂ ಮಾಡಾಕ ಹತ್ಯಾರ ಅಂದ್ಕೊಂಡೆ."

ಅವಳ ಮಗ ಯಾವುದನ್ನು ತನ್ನ ಮೇಲೆ ಬೇಕೆಂದೇ ಮಾಡುತ್ತಿದ್ದಾರೆಂದು ತಿಳಿದಿದ್ದನೋ ಅದರಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದ. ನಾವು ಅದನ್ನೂ ರೋಗಕ್ಕೇ ಸೇರಿಸಿದ್ದೆವು. ರೋಗ ಇರಲಿಲ್ಲ ಎಂದಲ್ಲ. ಅಪ್ಪನ ದನಿ ಅಲ್ಲಿಯೂ ಕೇಳುತ್ತಿತ್ತು. ಎರಡನ್ನೂ ಬೇರೆ ಮಾಡಿ ನೋಡಬೇಕಿತ್ತು. ಹಿಂದುಗಡೆ ಮಹಡಿಯಿಲ್ಲದ ಹಳೆಯ ಅಡುಗೆಕೋಣೆ ಖಾಲಿ ಇದೆ, ಅಲ್ಲಿಗೆ ಬದಲಿಸಿ ಎಂದು ಕೇಳಿದೆವು. ವಾರ್ಡಿನ ಮುಖ್ಯಸ್ಥರು ಕೆಟ್ಟವರೇನಲ್ಲ, ದಣಿದವರು. "ಒಂದೊಂದು ಕುಲಕ್ಕ ಒಂದೊಂದು ವಾರ್ಡು ಕಟ್ಟಾಕ ಆಗತೈತೇನ್ರಿ? ನಾಳೆ ಇನ್ನೊಬ್ಬ ಬಂದು ಬಾಗಲಾ ಪೂರ್ವಕ್ಕ ಬೇಕು ಅಂತಾನ," ಎಂದರು. ನಮ್ಮ ಡಾಕ್ಟರು ತಮ್ಮ ಜವಾಬ್ದಾರಿಯ ಮೇಲೆ ಅವನನ್ನು ಬಿಡಿಸಿಕೊಂಡರು. ಹೊಸ್ತಿಲು ದಾಟಿ ಆಕಾಶದ ಕೆಳಗೆ ಬಂದ ಕೂಡಲೆ ಅವನು ತಾಯಿಯ ಕೈಯಿಂದ ಗಂಟು ಇಸಿದುಕೊಂಡ. ಯಾರೂ ಅವನನ್ನು ಹಿಡಿದಿರಲಿಲ್ಲ.

ಇನ್ನು ಉಳಿದದ್ದು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್. ಎಣ್ಣೆಯಲ್ಲಿ ಕರಗಿಸಿದ ಮದ್ದು, ಮಾಂಸದೊಳಗೆ ಉಳಿದು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಗುಳಿಗೆ ಕೊಟ್ಟರೆ ಅವನು ಉಗುಳುತ್ತಿದ್ದ. ಬಿಡಾರದಲ್ಲಿಯೇ, ಬಯಲಿನಲ್ಲಿಯೇ ಕೊಡುವುದೆಂದು ನಿಶ್ಚಯವಾಯಿತು. ಹಿರಿಯ ಒಪ್ಪಿದ, ಒಂದು ಮಾತಿನ ಮೇಲೆ: ಮೊದಲು ದೇವಿಯನ್ನು ಕೇಳಬೇಕು. ಗಂಟಿನ ಮುಂದೆ ಜೋಳ ಹರವಿ, ಒಂದು ಚಿಟಿಕೆ ಎತ್ತಿ, ಎರಡೆರಡಾಗಿ ಬೇರೆ ಮಾಡುತ್ತಾರೆ. ಜೋಡಿಯಲ್ಲಿ ಮುಗಿದರೆ ಒಪ್ಪಿಗೆ. ಒಂಟಿ ಕಾಳು ಉಳಿದರೆ ಇಲ್ಲ.

ಫೆಬ್ರುವರಿಯ ಕೊನೆಗೆ ಹೋದೆವು. ಹೊಲಕ್ಕೆ ಓಡದಂತೆ ಅವನನ್ನು ಮತ್ತೆ ಸರಪಳಿಯಿಂದ ಕಟ್ಟಿದ್ದರು, ಈಗ ಬಲಗಾಲಿಗೆ. ನಾನು ಮದ್ದಿನ ಶೀಶೆಯನ್ನು ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿ, ಒಣ ಸಿರಿಂಜಿಗೆ ದಪ್ಪ ಸೂಜಿ ಹಾಕಿ ಎಳೆದುಕೊಂಡೆ. ನೀರಿನ ಹನಿ ತಾಗಿದರೂ ಅದು ಮೋಡಗಟ್ಟುತ್ತದೆ. ಮೊದಲ ಸಲವಾದ್ದರಿಂದ ಕಡಿಮೆ ಪ್ರಮಾಣ. ಹಿರಿಯ ಕಾಳು ಎತ್ತಿದ. ಒಂಟಿ ಉಳಿಯಿತು. ಮತ್ತೆ ಎತ್ತಿದ. ಮತ್ತೆ ಒಂಟಿ. ಮಗ ಸರಪಳಿಯೊಂದಿಗೆ ಹಿಂದೆ ಸರಿದು ಗಂಟಿಗೆ ಒರಗಿ ಕುಳಿತ.

ಹುಬ್ಬಿನ ಗಾಯದ ಕಲೆ ಇನ್ನೂ ಮಾಯದ ಆ ಚಿಕ್ಕಪ್ಪನ ಮಗ ಮುಂದೆ ಬಂದ. "ಸರ, ನಾವು ನಾಕು ಮಂದಿ ಹಿಡಕೋತೇವಿ. ನೀವು ಚುಚ್ಚಿ ಬಿಡ್ರಿ. ದೇವಿಗೆ ಆಮ್ಯಾಲ ಒಂದು ಕೋಳಿ ಕೊಟ್ರಾತು, ಅಕಿ ನಮ್ಮಾಕೀನ."

ತಾಯಿ ನನ್ನನ್ನು ನೋಡಿದಳು. ಡಾಕ್ಟರೂ ನನ್ನನ್ನೇ ನೋಡಿದರು, ಸಿರಿಂಜು ಇದ್ದದ್ದು ನನ್ನ ಕೈಯಲ್ಲಿ. ಅವತ್ತು ಮದ್ದು ಒಳಗೆ ಹೋಗಿದ್ದರೆ ವಾರದೊಳಗೆ ಅವನ ಕಾಲಿನ ಸರಪಳಿ ತೆಗೆಯಬಹುದಿತ್ತೇನೋ. ನಾನು ಅವನ ಮಣಿಕಟ್ಟಿನ ಬಳೆಯಂಥ ಗಾಯ ನೋಡಿದೆ. ಒಮ್ಮೆ ಎಳೆದ ಮದ್ದನ್ನು ಮತ್ತೆ ಶೀಶೆಗೆ ಹಾಕುವಂತಿಲ್ಲ. ನೆಲಕ್ಕೆ ಚೆಲ್ಲಿದೆ. ಎಣ್ಣೆ ಕರಿಮಣ್ಣಿನ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು.

"ದೇವಿ ಯಾಕ ಒಲ್ಲೆ ಅಂತಾಳ?" ಎಂದು ಡಾಕ್ಟರು ಹಿರಿಯನನ್ನು ಕೇಳಿದರು. ವ್ಯಂಗ್ಯವಿರಲಿಲ್ಲ.

"ಗಂಟಿನ್ಯಾಗ ಒಂದು ಮೂರ್ತಿ ಕಮ್ಮಿ ಐತ್ರಿ. ಅವತ್ತು ಹೊಲದಾಗ ಬಿದ್ದದ್ದು ಸಿಗಲಿಲ್ಲ. ಅರ್ಧಾ ಮಂದಿ ಹೊರಗಿದ್ರ ಮನಿಯಾಕಿ ಹೂಂ ಅಂತಾಳೇನು? ಇಂವ ದಿನಾ ಹೊಲಕ್ಕ ಓಡೂದು ಮತ್ತ ಯಾಕ ಅಂದ್ಕೊಂಡ್ರಿ?"

ಅವನು ಓಡುತ್ತಿದ್ದದ್ದು ಅದನ್ನು ಹುಡುಕಲು. ಹಾಗಾದರೆ ಹುಡುಕೋಣ ಎಂದೆ. ಆ ಹೊಲದ ಒಡೆಯನನ್ನು ಕೇಳುವ ಕೆಲಸ ನನ್ನದಾಯಿತು, ಏಕೆಂದರೆ ನಾನು ಒಡೆಯನ ಕುಲದವನು. ಬೈಲಹೊಂಗಲ ತಾಲೂಕಿನ ಒಕ್ಕಲು ಮನೆತನ. ಅವನು ಪಡಸಾಲೆಯಲ್ಲಿ ಕೂರಿಸಿ ಊರು, ಮನೆತನ, ಸೋದರಮಾವ ಎಲ್ಲ ಕೇಳಿ ತಿಳಿದುಕೊಂಡ ಮೇಲೆ ಚಹಾ ತರಿಸಿದ.

"ಹಂಗಾರ ನೀವು ನಮ್ಮವರ ಆದ್ರಿ. ನಮ್ಮವರಾಗಿ ಈ ಹಕ್ಕಿ ಹಿಡಿಯವರ ಬೆನ್ನ ಹತ್ತೀರಿ. ಬಲೆಗೆ ಬಿದ್ದೀರೋ, ಬಲೆ ಹಾಕಾಕ ಹೊಂಟೀರೋ?"

"ಹೊಲದಾಗ ಒಂದು ತಾಸು ಹುಡುಕತೇವಿ. ಅಷ್ಟ."

ಅವನು ಚಹಾದ ಬಸಿಯನ್ನು ಕೈಯಲ್ಲಿ ತಿರುಗಿಸಿದ. "ಆವತ್ತ ನಾ ಊರಾಗ ಇದ್ದಿಲ್ರಿ. ನಮ್ಮ ತಮ್ಮ ಇದ್ದ," ಎಂದ. ಇದನ್ನು ನಾನು ಅವನನ್ನು ಕೇಳಿರಲಿಲ್ಲ. ಆಮೇಲೆ, "ಕೂಳಿ ಕೀಳೂದ್ರಾಗ ಬರ್ರಿ. ಹೊತ್ತೇರೂದ್ರಾಗ ಹೋಗ್ರಿ. ತಮ್ಮಗ ನಾ ಹೇಳತೇನಿ," ಎಂದ. ಹೇಳಿದೆನೆಂದು ಅಣ್ಣ, ಹೇಳಲಿಲ್ಲವೆಂದು ತಮ್ಮ, ನಂತರ ಇಬ್ಬರೂ ನನಗೆ ಹೇಳಿದ್ದಾರೆ. ಯಾವುದು ನಿಜವೆಂದು ನನಗೆ ಗೊತ್ತಿಲ್ಲ.

ಹೀಗೆ ಆ ಬೆಳಿಗ್ಗೆ ಬಂದೆವು. ಮಗ, ತಾಯಿ, ಹಿರಿಯ ಮೂವರೇ ಹೊಲಕ್ಕಿಳಿದರು. ಜಾಸ್ತಿ ಜನ ಬೇಡ ಎಂದು ಒಡೆಯ ಹೇಳಿದ್ದರಿಂದ ನಾನು ಬದುವಿನ ಮೇಲೆ ಉಳಿದೆ. ಚಾಲಕ ರಸ್ತೆಯ ಅಂಚಿನಲ್ಲಿ ಜೀಪಿನ ಪಕ್ಕ ನಿಂತಿದ್ದ. ಡಾಕ್ಟರು ರಾಮದುರ್ಗದಲ್ಲಿದ್ದರು. ಪಕ್ಕದ ಹೊಲದ ಬದುವಿನಲ್ಲಿ ಒಬ್ಬ ಹೆಣ್ಣುಮಗಳು ಮೇವು ಕೊಯ್ಯುತ್ತಿದ್ದಳು.

ಸರಪಳಿ ತೆಗೆದಿದ್ದರು. ಮಗ ಮೊಣಕಾಲೂರಿ, ಅಂಗೈಗಳನ್ನು ಮುಂದೆ ಚಾಚಿ, ಒಂದೊಂದೇ ಹೆಂಟೆಯನ್ನು ಪುಡಿ ಮಾಡುತ್ತ, ಬೆರಳ ನಡುವೆ ಸೋಸುತ್ತ, ಸಾಲು ಹಿಡಿದು ಹೋಗುತ್ತಿದ್ದ. ಕೂಳೆ ತರಚಿ ಅಂಗೈ ಕೆಂಪಾಗಿತ್ತು. ತುಟಿ ಅಲುಗುತ್ತಿರಲಿಲ್ಲ. ಅವನು ಅಪ್ಪನೊಂದಿಗೆ ಮಾತನಾಡದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊಲದ ನಡುವೆ ಒಂದು ಕಡೆ ನಿಂತ. ಬಲಗೈ ಮುಚ್ಚಿದ. ಎದ್ದು ನಿಂತು ತಾಯಿಯ ಕಡೆ ತಿರುಗಿದ.

ಆಗ ಬಾವಿಯ ಕಡೆಯಿಂದ ಒಡೆಯನ ತಮ್ಮ ಬಂದ, ಹಿಂದೆ ಇನ್ನಿಬ್ಬರು. ತಮ್ಮನ ಕೈಯಲ್ಲಿ ಚಕ್ಕಡಿಯ ಗೂಟ, ಅವರ ಕೈಯಲ್ಲಿ ಬಡಿಗೆ. ಓಡಿ ಬರಲಿಲ್ಲ, ನಡೆದೇ ಬಂದರು.

"ಕೈಯಾಗ ಏನೈತಿ? ತಗಿ ಕೈ."

ಮಗ ತೆಗೆಯಲಿಲ್ಲ.

"ಕಲ್ಲು ಹಿಡದಾನ," ಎಂದ ಹಿಂದಿನವರಲ್ಲೊಬ್ಬ.

ಮೊದಲ ಏಟು ಬಲ ಮಣಿಕಟ್ಟಿಗೆ ಬಿತ್ತು. ಮೂಳೆಯ ಸದ್ದು ನನ್ನವರೆಗೆ ಬಂತು, ಒಣ ದಂಟು ಮುರಿದ ಹಾಗೆ. ಎರಡನೆಯದು ಮೊಣಕಾಲಿನ ಹಿಂದೆ, ಅವನು ಕುಸಿದ. ನಾನು ಕೂಗುತ್ತ ಓಡಿದೆ. ಬಡಿಗೆಯವನೊಬ್ಬ ನನ್ನ ಅಂಗಿಯ ಕೊರಳು ಹಿಡಿದು ತಡೆದ. "ನೀವು ನಮ್ಮವರದೀರಿ. ಬಾಜೂಕ ಸರೀರಿ ಸರ," ಎಂದ, ಅದೂ ಮೆಲ್ಲಗೆ, ಮದುವೆಮನೆಯಲ್ಲಿ ದಾರಿ ಬಿಡಿಸುವ ಹಾಗೆ. ಅವನ ಭುಜದ ಮೇಲಿಂದ ನಾನು ಎಲ್ಲ ನೋಡಿದೆ. ತಾಯಿ ಮಗನ ಮೇಲೆ ಬಿದ್ದು ಮುಚ್ಚಿಕೊಂಡಳು. ಗೂಟ ಅವಳ ಎಡಕಿವಿಯ ಹಿಂದೆ ಬಿತ್ತು. ಅವಳು ಒಮ್ಮೆ ಮಾತ್ರ ಉಸಿರು ಬಿಟ್ಟು ಪಕ್ಕಕ್ಕೆ ಹೊರಳಿದಳು, ಮಣಿಸರ ಹರಿದು ಕೂಳೆಯ ನಡುವೆ ಚೆಲ್ಲಿತು. ಹಿರಿಯ ಅವರ ಕಾಲು ಹಿಡಿದ, ಅವನ ಬೆನ್ನಿಗೆ ಒದ್ದರು. ಒಡೆಯನ ತಮ್ಮ ಗೂಟ ಕೆಳಗಿಟ್ಟು, ಆ ಮಗನ ಮುಷ್ಟಿಯನ್ನು ನೆಲಕ್ಕೊತ್ತಿ, ಬಿಚ್ಚಿಸಲು, ಹಿಮ್ಮಡಿಯಿಂದ ತುಳಿದ. ಬಿಚ್ಚಲಿಲ್ಲ. ಮತ್ತೆ ತುಳಿದ.

ಆಸ್ಪತ್ರೆಯಲ್ಲಿ ಒಬ್ಬ ಆಳನ್ನೇ ಎತ್ತಿ ಒಗೆದವನು ಅವನು. ಅವನ ಎಡಗೈ ಪೂರ್ತಿ ಬಿಡುವಾಗಿತ್ತು. ಪಕ್ಕದಲ್ಲೇ ಆ ಗೂಟ ಬಿದ್ದಿತ್ತು. ಅವನು ಎಡಗೈಯನ್ನು ತಾಯಿಯ ತಲೆಯ ಮೇಲಿಟ್ಟುಕೊಂಡಿದ್ದ. ಎತ್ತಲಿಲ್ಲ. ವಿಚಾರಣೆಯಲ್ಲಿ ಮಗ ಮೊದಲು ಕೈ ಮಾಡಿದನೆಂದು ಹೇಳಲಾಯಿತು. ಅವನು ಕೈ ಮಾಡಲಿಲ್ಲ. ನಾನು ಬದುವಿನಿಂದ ಅಲ್ಲಿಗೆ ಓಡುವವರೆಗೂ, ಓಡಿದ ಮೇಲೂ, ಅವನ ಮೇಲಿಂದ ಕಣ್ಣು ತೆಗೆದಿರಲಿಲ್ಲ.

ಒಡೆಯ ಊರ ಕಡೆಯಿಂದ ಧೋತರ ಎತ್ತಿ ಹಿಡಿದು ಓಡಿಬಂದು ತಮ್ಮನ ಎದೆಗೆ ಕೈಕೊಟ್ಟು ನೂಕಿದ ಮೇಲೆ ಅದು ನಿಂತಿತು. ಅಷ್ಟರಲ್ಲಿ ಚಾಲಕ ಜೀಪನ್ನೇ ಹೊಲದೊಳಗೆ ಇಳಿಸಿದ್ದ.

ರಾಮದುರ್ಗದಲ್ಲಿ ತಾಯಿಯ ತಲೆಗೆ ಹೊಲಿಗೆ ಹಾಕಿದರು. ಮಗನ ಕೈಗೆ ಪಟ್ಟಿ ಕಟ್ಟಬೇಕಾದರೆ ಮುಷ್ಟಿ ಬಿಚ್ಚಬೇಕಿತ್ತು, ಅವನು ಬಿಡಲಿಲ್ಲ. ಯಾರೂ ಬಲವಂತ ಮಾಡಬೇಡಿ ಎಂದು ಡಾಕ್ಟರು ಬಾಗಿಲಲ್ಲಿ ನಿಂತರು. ಹಿರಿಯ ಅವನ ಕಿವಿಯ ಹತ್ತಿರ ಬಾಗಿ ತಮ್ಮ ಭಾಷೆಯಲ್ಲಿ ಏನೋ ಹೇಳಿದ. ಮಗ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ತಾನೇ ಎತ್ತಿದ. ಒಳಗೆ ಬೆಳ್ಳಿ ಇರಲಿಲ್ಲ. ರಕ್ತ ಕಲೆಸಿ ಗಟ್ಟಿಯಾದ ಒಂದು ಹಿಡಿ ಕರಿಮಣ್ಣು, ಅದರಲ್ಲಿ ಅವನ ಬೆರಳಿನ ಗುರುತು. ಹಿರಿಯ ಅದನ್ನು ನೋಡುತ್ತ ನಿಂತ. ಆಮೇಲೆ ತಲೆಯ ರುಮಾಲು ಬಿಚ್ಚಿ, ಒಂದು ಕಣವೂ ಬೀಳದಂತೆ ಕಟ್ಟಿಕೊಂಡ.

ಮುಂದಿನ ವಾರ ಬಿಡಾರದಲ್ಲಿ ಮತ್ತೆ ಕಾಳು ಹರವಿದರು. ತಾಯಿ ತಲೆಗೆ ಪಟ್ಟಿ ಕಟ್ಟಿಕೊಂಡು ಗೋಡೆಯಿಲ್ಲದ ಗುಡಿಸಲಿನ ಕಂಬಕ್ಕೆ ಒರಗಿದ್ದಳು. ಹಿರಿಯ ಆ ಮಣ್ಣನ್ನು ಮಗನ ಕೈಯಿಂದಲೇ ಗಂಟಿನೊಳಗೆ ಇಡಿಸಿದ. "ಬಿದ್ದಲ್ಲೆ ಕರಗ್ಯಾಳ. ಇದೂ ಅಕೀನ," ಎಂದ. ನಾನು ಸಿರಿಂಜು ಹಿಡಿದು ಹಿರಿಯನ ಎದುರಿಗೆ, ಕೈ ಚಾಚಿದರೆ ಕಾಳು ಮುಟ್ಟುವಷ್ಟು ಹತ್ತಿರ ಕುಳಿತಿದ್ದೆ. ಅವನು ಚಿಟಿಕೆ ಎತ್ತಿದ. ಎತ್ತಿದ ಕೈ ಬಟ್ಟೆಯ ಮೇಲೆ ಬರುವಾಗ ಹೆಬ್ಬೆರಳ ಕೆಳಗಿನಿಂದ ಒಂದು ಕಾಳು ಜಾರಿ ಅವನ ಮಡಿಲಿಗೆ ಬಿತ್ತು. ಜಾರಿತೋ, ಜಾರಿಸಿದನೋ, ನಾನು ಹೇಳಲಾರೆ. ಅವನು ನನ್ನ ಕಡೆ ನೋಡಲಿಲ್ಲ. ಎರಡೆರಡಾಗಿ ಬೇರೆ ಮಾಡಿದ. ಜೋಡಿಯಲ್ಲಿ ಮುಗಿಯಿತು.

ಮಗ ತಾನೇ ಸೊಂಟದ ಬಟ್ಟೆ ಸಡಿಲಿಸಿ ಮಗ್ಗುಲಾಗಿ ಮಲಗಿದ, ಮುಖ ಗಂಟಿನ ಕಡೆಗೆ. ಚರ್ಮವನ್ನು ಒಂದು ಬದಿಗೆ ಎಳೆದು ಹಿಡಿದು, ಸೂಜಿ ಇಳಿಸಿ, ರಕ್ತ ಬರುವುದಿಲ್ಲವೆಂದು ನೋಡಿಕೊಂಡು, ನಿಧಾನವಾಗಿ ಒತ್ತಿದೆ. ಎಣ್ಣೆ ಇಳಿಯಲು ಹೊತ್ತು ಹಿಡಿಯುತ್ತದೆ. ಯಾರೂ ಅವನನ್ನು ಹಿಡಿದಿರಲಿಲ್ಲ.

ಮೊದಲ ತಿಂಗಳುಗಳಲ್ಲಿ ಕುತ್ತಿಗೆ ಸೆಟೆಯಿತು, ಕೈ ನಡುಗಿತು, ಅದಕ್ಕೆ ಬೇರೆ ಗುಳಿಗೆ ಕೊಟ್ಟೆವು. ಮಳೆಗಾಲದ ಹೊತ್ತಿಗೆ ಸರಪಳಿ ಒಂದು ಎಮ್ಮೆಯ ಕೊರಳಿಗೆ ಹೋಯಿತು. ದನಿ ನಿಂತಿತೇ ಎಂದು ಕೇಳಿದರೆ, "ಅಪ್ಪ ಈಗ ದೂರ ಕುಂತು ಮಾತಾಡತಾನ್ರಿ. ಕೇಳಸ್ತೈತಿ, ಖರೆ ಕರಿಯೂದಿಲ್ಲ," ಎಂದ. ತಾಯಿಗೆ ಎಡಕಿವಿ ಕೇಳಿಸದಾಯಿತು, ತಲೆನೋವು ಬಿಡಲಿಲ್ಲ. ಮರುವರ್ಷ ಮುಂಗಾರು ಬರುವ ಮೊದಲು ತೀರಿಕೊಂಡಳು. ಫೆಬ್ರುವರಿಯಲ್ಲಿ ನಾಲ್ವರು ಅವನನ್ನು ಹಿಡಿದುಕೊಂಡಿದ್ದರೆ, ನಾನು ಚುಚ್ಚಿದ್ದರೆ, ಆ ಹೊಲಕ್ಕೆ ಹೋಗುವ ಪ್ರಸಂಗ ಬರುತ್ತಿರಲಿಲ್ಲ, ಗೂಟ ಅವಳ ತಲೆಯ ಮೇಲೆ ಬೀಳುತ್ತಿರಲಿಲ್ಲ. ಹಿಡಿದುಕೊಂಡು ಚುಚ್ಚಿದ್ದರೆ ಅವನು ಎರಡನೆಯ ಸಲ ಮಗ್ಗುಲಾಗಿ ಮಲಗುತ್ತಿದ್ದನೇ ಎಂಬುದೂ ನನಗೆ ಗೊತ್ತಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನನಗೆ ಇಂದಿಗೂ ಆಗಿಲ್ಲ.

ಪ್ರಕರಣ ರಾಜಿಯಾಯಿತು. ನನ್ನ ಹೇಳಿಕೆ ನಿಲ್ಲಲಿಲ್ಲ. ನಾನು ನಿಂತಿದ್ದ ಜಾಗ ಮರದ ಕೆಳಗೆ ಎಂದಾಯಿತು.

ನನ್ನ ಹೊರತು ಅದನ್ನು ನೋಡಿದವರಲ್ಲಿ ತಾಯಿ ಇಲ್ಲ, ಹಿರಿಯನೂ ಹೋದ. ಇಲ್ಲಿಯವರೆಗೆ ನಾನು ಯಾರ ಹೆಸರೂ ಬರೆಯಲಿಲ್ಲ. ಉಳಿದವರಲ್ಲಿ ಮೂವರು ತಮ್ಮ ಹೆಸರು ಬರೆಯಿರಿ ಎಂದಿದ್ದಾರೆ. ಚಾಲಕ ಮೌಲಾಸಾಬ, ಸವದತ್ತಿಯಲ್ಲಿದ್ದಾನೆ. ಈಗ ಒಂದು ಕಣ್ಣಿಗೆ ಪೊರೆ, ಆಗ ಇರಲಿಲ್ಲ. ಪಕ್ಕದ ಬದುವಿನಲ್ಲಿ ಮೇವು ಕೊಯ್ಯುತ್ತಿದ್ದ ನೀಲವ್ವ, ಅದೇ ಊರಿನಲ್ಲಿದ್ದಾಳೆ. "ಕೇಳಿದ್ರ ಹೇಳತಿದ್ದೆ, ಯಾರೂ ಕೇಳಲಿಲ್ಲ," ಎನ್ನುತ್ತಾಳೆ. ಒಡೆಯನೂ ಅವನ ತಮ್ಮನೂ ಬದುಕಿದ್ದಾರೆ, ಹೆಸರು ಬೇಡ ಎಂದಿದ್ದಾರೆ. ಅವರೂ ನೋಡಿದ್ದಾರೆ.

ಮತ್ತೆ ಚಂದರ. ಎಲ್ಲರಿಗಿಂತ ಹತ್ತಿರದಿಂದ ನೋಡಿದವನು ಅವನು. ಉಗರಗೋಳದಲ್ಲಿ, ಗುಡ್ಡಕ್ಕೆ ಹೋಗುವ ದಾರಿಯಲ್ಲಿ, ಮಹಡಿಯಿಲ್ಲದ ಒಂದು ಅಂಗಡಿಯ ಮುಂದೆ ಮಣಿಸರ ಮಾರುತ್ತಾನೆ. ಎಡಗೈಯಿಂದ ಪೋಣಿಸುತ್ತಾನೆ. ಬಲಗೈ ಮುಷ್ಟಿ ಪೂರ್ತಿ ಬಿಚ್ಚುವುದಿಲ್ಲ.